ಎನ್ನಲಾಗಿದೆ ಅಂದವರು ಯಾರು?

ಮೊನ್ನೆ ಒಬ್ಬ ಹುಡುಗಿ ಮನೆಗೆ ಬಂದಿದ್ದಳು. ಮೊಬೈಲಿನಲ್ಲಿ ಸುದ್ದಿ ಕೊಡುವ ಯಾವುದೋ ಸಂಸ್ಥೆಗೆ ಹೊಸದಾಗಿ ಸೇರಿದ್ದಾಳೆ. ಹೊಸಪೇಟೆ, ಸಂಡೂರು, ಕಂಪ್ಲಿ ಮೂರೂ ಅವಳ ಪಾಲಿಗೆ ಬಿದ್ದಿವೆ. ಚಾ ಕುಡಿದು, ನೋಟ್‌ಬುಕ್ಕು ತೆಗೆದು, ‘ಅಕ್ಕಾರ, ನಿಮ್ಮ ಕಾಲದಾಗ ಸೆನ್ಸಾರು ಹೆಂಗಿತ್ರಿ?’ ಅಂತ ಕೇಳಿದಳು. ಯಾರೋ ದಪ್ಪ ಮೀಸೆಯವನು ಕತ್ತರಿ ಹಿಡಿದುಕೊಂಡು ನಮ್ಮ ಆಫೀಸಿನ ಮೆಟ್ಟಿಲು ಹತ್ತಿ ಬರುವ ಚಿತ್ರ ಅವಳ ತಲೆಯಲ್ಲಿ ಇದ್ದಿರಬೇಕು. ನನಗೆ ನಗು ಬಂತು. ಅಂಥವನು ಒಬ್ಬನೂ ಬರಲಿಲ್ಲ ತಾಯಿ. ಬಂದಿದ್ದರೆ ಅವನ ಜೊತೆ ಜಗಳವನ್ನಾದರೂ ಆಡಬಹುದಿತ್ತು. ಕತ್ತರಿ ನನ್ನ ಕೈಯಲ್ಲೇ ಇತ್ತು. ಅವಳಿಗೆ ಬಸ್ಸಿನ ಹೊತ್ತಾಯಿತು, ನಾನು ಹೇಳಿದ್ದು ಅರ್ಧಕ್ಕೇ ನಿಂತಿತು. ಉಳಿದದ್ದನ್ನು ಬರೆದೇ ಬಿಡೋಣ ಅಂತ ಕೂತಿದ್ದೇನೆ.

ನನ್ನ ಹೆಸರು ಬಸಮ್ಮ, ಊರು ಮಲಪನಗುಡಿ. ಬಿ.ಎ. ಮುಗಿಸಿ ಮನೆಯಲ್ಲಿ ಕೂತಿದ್ದಾಗ, ಹೊಸಪೇಟೆಯ ಒಂದು ಸಂಜೆ ಪತ್ರಿಕೆಗೆ ಪ್ರೂಫ್ ನೋಡುವವರು ಬೇಕಂತೆ ಅಂತ ಯಾರೋ ಹೇಳಿದರು, ಹೋದೆ. ನಾಲ್ಕೇ ಪುಟದ ಪೇಪರು. ಬೆಳಿಗ್ಗೆ ಎಂಟಕ್ಕೆ ಶುರು, ಮಧ್ಯಾಹ್ನ ಒಂದಕ್ಕೆ ಪುಟ ಮುಗಿಯಬೇಕು, ಮೂರಕ್ಕೆಲ್ಲ ಬಸ್ ಸ್ಟ್ಯಾಂಡಿನ ಅಂಗಡಿಗಳಲ್ಲಿ ತೂಗಬೇಕು. ಜನ ಒಗ್ಗರಣಿ ಮಂಡಾಳು ತಿನ್ನುತ್ತ ನಮ್ಮನ್ನು ಓದುತ್ತಿದ್ದರು, ಓದಿ ಮುಗಿದ ಮೇಲೆ ನಮ್ಮಲ್ಲೇ ಮಿರ್ಚಿ ಕಟ್ಟಿಸಿಕೊಂಡು ಮನೆಗೆ ಹೋಗುತ್ತಿದ್ದರು. ಪ್ರೂಫಿನಿಂದ ಉಪಸಂಪಾದಕಿ ಹೇಗಾದೆ, ಯಾವಾಗಾದೆ, ಅದೆಲ್ಲ ಬಿಡಿ. ಅದರಿಂದ ಯಾರಿಗೂ ಒಂದು ಕಾಸಿನ ಉಪಯೋಗ ಇಲ್ಲ.

ಸಂಪಾದಕರು ಕೊಟ್ರಯ್ಯನವರು. ಊರೆಲ್ಲ ಅವರನ್ನು ಅಯ್ಯನವರು ಅನ್ನುತ್ತಿತ್ತು, ನಾವೂ ಹಾಗೇ ಅನ್ನುತ್ತಿದ್ದೆವು. ಹಣೆಗೆ ವಿಭೂತಿ, ಕಿವಿಯ ಮೇಲೆ ಕೆಂಪು ಪೆನ್ನು. ಸಿಟ್ಟು ಬಂದರೆ ಪ್ರೂಫ್ ಹಾಳೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯುತ್ತಿದ್ದರು. ಆಮೇಲೆ ತಾವೇ ಎದ್ದು ಹೋಗಿ, ಆರಿಸಿಕೊಂಡು ಬಂದು, ಮೇಜಿನ ಮೇಲೆ ಕೈಯಿಂದ ತಿಕ್ಕಿ ತಿಕ್ಕಿ ಬಿಡಿಸಿ ಓದುತ್ತಿದ್ದರು. ನನಗೆ ಬೈದಷ್ಟು ಅವರು ಬೇರೆ ಯಾರಿಗೂ ಬೈದಿಲ್ಲ. ಕಲಿಸಿದ್ದೂ ನನಗೇ ಹೆಚ್ಚು.

ಮೊದಲ ಪಾಠ ಕ್ರಿಯಾಪದದ ಬಾಲದ್ದು. ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ಕಷ್ಟ ಇಲ್ಲ. ಕನ್ನಡದಲ್ಲಿ ಪ್ರತಿ ಸಾಲಿಗೂ ‘ಬಂದ’ ಅನ್ನಬೇಕೋ ‘ಬಂದರು’ ಅನ್ನಬೇಕೋ ಅಂತ ತೀರ್ಮಾನ ಮಾಡಬೇಕು. ಯಾರೂ ಬರೆದು ಗೋಡೆಗೆ ಅಂಟಿಸಿರಲಿಲ್ಲ, ಆದರೆ ಸುದ್ದಿ ತಿದ್ದುವ ಡೆಸ್ಕಿನಲ್ಲಿ ಎಲ್ಲರಿಗೂ ಬಾಯಿಪಾಠ. ಶಾಸಕರು ಬಂದರು, ಕಳ್ಳ ಬಂದ. ಗುತ್ತಿಗೆದಾರರು ಹೇಳಿದರು, ಕೂಲಿಕಾರ ಹೇಳಿದ. ಕೋಟಿ ನುಂಗಿದ ಆರೋಪ ಹೊತ್ತವರು ಜೈಲಿಗೆ ಹೋಗುವಾಗಲೂ ‘ಅವರು’, ಕೋಳಿ ಕದ್ದವನು ಬಿಡುಗಡೆಯಾಗಿ ಬಂದ ಮೇಲೂ ‘ಅವನು’. ಸಾವಿನಲ್ಲೂ ಅಷ್ಟೇ. ಸ್ವಾಮಿಗಳು ಲಿಂಗೈಕ್ಯರಾಗುತ್ತಿದ್ದರು, ವರ್ತಕರು ನಿಧನರಾಗುತ್ತಿದ್ದರು, ರೈತನೋ ಕಾರ್ಮಿಕನೋ ಮೃತಪಡುತ್ತಿದ್ದ, ಭಿಕ್ಷುಕ ಸಾಯುತ್ತಿದ್ದ. ಈ ಬರಹದ ಮೊದಲ ಸಾಲಿನಲ್ಲೇ ನಾನು ‘ಹುಡುಗಿ ಬಂದಿದ್ದಳು’ ಅಂತ ಬರೆದಿದ್ದೇನೆ ನೋಡಿ. ಹಳೇ ಚಾಳಿ ಕೈ ಬಿಡುವುದಿಲ್ಲ. ವಯಸ್ಸಾದವಳ ಸಲಿಗೆ ಅಂತ ಆಕೆ ತಿಳಿದುಕೊಳ್ಳಲಿ.

ಸೇರಿದ ವರ್ಷವೇ ಇದರಲ್ಲಿ ಎಡವಟ್ಟು ಮಾಡಿಕೊಂಡೆ. ಒಂದೇ ಪುಟದಲ್ಲಿ ಎರಡು ಸುದ್ದಿ ಇದ್ದವು. ಶಾಸಕರೊಬ್ಬರು ಕಂಪ್ಲಿಯಲ್ಲಿ ಚರಂಡಿ ಕಾಮಗಾರಿಗೆ ಪೂಜೆ ಮಾಡಿದ್ದು ಒಂದು, ಅದೇ ಊರಲ್ಲಿ ಕೋಳಿ ಕಳ್ಳನೊಬ್ಬ ಸಿಕ್ಕಿಬಿದ್ದದ್ದು ಇನ್ನೊಂದು. ಎರಡನ್ನೂ ಅವಸರದಲ್ಲಿ ತಿದ್ದುವಾಗ ಬಾಲಗಳು ಅದಲುಬದಲಾದವು. ಪೇಪರು ಬಂದಾಗ ನೋಡಿದರೆ ಶಾಸಕ ಬಂದಿದ್ದ, ಗುದ್ದಲಿ ಹಿಡಿದಿದ್ದ, ಭಾಷಣ ಮಾಡಿ ಹೋದ. ಕೋಳಿ ಕದ್ದವರು ಮಾತ್ರ ಗೋಡೆ ಹಾರಿದರು, ಎಡವಿ ಬಿದ್ದರು, ಪೊಲೀಸರ ವಶವಾದರು. ಅಯ್ಯನವರು ಅವತ್ತು ಹಾಳೆ ಎಸೆಯಲಿಲ್ಲ, ಸುಮ್ಮನೆ ತಲೆ ಹಿಡಿದುಕೊಂಡು ಕೂತರು. ಶಾಸಕರ ಕಡೆಯವರು ಜೀಪಿನಲ್ಲಿ ಬಂದು ಕೂಗಾಡಿದರು. ಕಳ್ಳನ ಅಪ್ಪ ಬಸ್ಸಿನಲ್ಲಿ ಬಂದು, ತನ್ನ ಮಗನಿಗೆ ಜನ್ಮದಲ್ಲಿ ಮೊದಲ ಸಲ ಮರ್ಯಾದೆ ಸಿಕ್ಕಿದೆ ಅಂತ ಹೇಳಿ ಆ ಪೇಪರು ಎರಡು ಕೊಂಡುಕೊಂಡು ಹೋದರು.

ಮರುದಿನ ಎರಡನೇ ಪುಟದ ಕೆಳಗೆ ‘ತಿದ್ದುಪಡಿ’ ಅಂತ ಸಣ್ಣ ಬಾಕ್ಸು ಹಾಕಿದೆವು: ‘ಬಂದಿದ್ದ ಎಂಬುದನ್ನು ಬಂದಿದ್ದರು ಎಂದು ಓದಿಕೊಳ್ಳಬೇಕು.’ ಕೋಳಿ ಕಳ್ಳನ ಬಹುವಚನವನ್ನು ವಾಪಸ್ಸು ತಗೊಳ್ಳಬೇಕೋ ಬೇಡವೋ ಅಂತ ಡೆಸ್ಕಿನಲ್ಲಿ ಚರ್ಚೆಯಾಯಿತು. ಇರಲಿ ಬಿಡಿ ಅಂತ ಬಿಟ್ಟೆವು. ಆ ತಿದ್ದುಪಡಿ ಬಾಕ್ಸು ಇದ್ದದ್ದೇ ಅದಕ್ಕೆ. ದೊಡ್ಡವರ ಹೆಸರು, ಹುದ್ದೆ, ಮರ್ಯಾದೆ ತಪ್ಪಿದರೆ ಮಾತ್ರ. ಸುದ್ದಿಯೇ ಸುಳ್ಳಾದರೆ ತಿದ್ದುವ ಪದ್ಧತಿ ನಮ್ಮಲ್ಲಿ ಇರಲಿಲ್ಲ.

ಪತ್ರಿಕೆಯ ಮಾಲೀಕರು ಕಂಪ್ಲಿಯಲ್ಲಿ ರೈಸ್‌ಮಿಲ್ಲು ಇಟ್ಟವರು. ನಾವೆಲ್ಲ ಧಣೇರು ಅನ್ನುತ್ತಿದ್ದೆವು. ಕೆಟ್ಟವರಲ್ಲ. ಮನೆಯಲ್ಲಿ ಮದುವೆಯಾದರೆ ಅಕ್ಕಿ ಕಳಿಸುತ್ತಿದ್ದರು, ಎಲ್ಲರ ಮಕ್ಕಳ ಓದಿನ ಬಗ್ಗೆ ವಿಚಾರಿಸುತ್ತಿದ್ದರು. ದಿನಾ ಬೆಳಿಗ್ಗೆ ಹತ್ತಕ್ಕೆ ಫೋನು ಮಾಡಿ ಅಯ್ಯನವರ ಹತ್ತಿರ ಒಂದೇ ಮಾತು ಕೇಳುತ್ತಿದ್ದರು, ‘ಏನೈತ್ರಿ ಇವತ್ತು?’ ಅಷ್ಟೇ. ಇದು ಹಾಕು, ಅದು ತೆಗೆ ಅಂತ ಅವರ ಬಾಯಿಂದ ಬಂದದ್ದನ್ನು ನಾನು ಕೇಳಿದ್ದು ತೀರಾ ಕಡಿಮೆ. ಅಯ್ಯನವರು ಸುದ್ದಿಗಳನ್ನು ಒಂದೊಂದಾಗಿ ಹೇಳುತ್ತಿದ್ದರು, ಆ ಕಡೆಯಿಂದ ‘ಹೂಂ, ಹೂಂ’ ಬರುತ್ತಿತ್ತು. ಯಾವುದೋ ಒಂದಕ್ಕೆ ‘ಹೂಂ’ ಬರದೆ ಸುಮ್ಮನಾದರೆ ಆ ಸುದ್ದಿ ಸಣ್ಣದಾಗುತ್ತಿತ್ತು, ಇಲ್ಲ ಮಾಯವಾಗುತ್ತಿತ್ತು. ಆ ಸುಮ್ಮನಿರುವುದನ್ನು ನಾನು ನನ್ನ ಮೇಜಿನಿಂದಲೇ ಗುರುತು ಹಿಡಿಯುವಷ್ಟು ಪಳಗಿದ್ದೆ.

ಸಂಡೂರಿನ ಗಣಿಯವರು ಧಣೇರಿಗೆ ಬೇಕಾದವರು. ಆ ಕಡೆಯ ಸುದ್ದಿಗೆ ನಮ್ಮ ಹತ್ತಿರ ಎರಡು ಶಬ್ದ ಇದ್ದವು. ಒಂದು ‘ಖಾಸಗಿ’. ಯಾವ ಕಂಪನಿ ಅಂತ ಬರೆಯುವಂತಿಲ್ಲ, ಖಾಸಗಿ ಗಣಿ, ಖಾಸಗಿ ಯಾರ್ಡು, ಖಾಸಗಿ ಲಾರಿ. ಸತ್ತವನ ಹೆಸರು ಇರುತ್ತಿತ್ತು, ಅಪ್ಪನ ಹೆಸರು ಇರುತ್ತಿತ್ತು, ಊರು, ಓಣಿ, ವಯಸ್ಸು, ಜಾತಿ ಸೈತ ಕೆಲವೊಮ್ಮೆ. ಹಾಯ್ದ ಲಾರಿ ಯಾರದು ಅನ್ನುವುದು ಮಾತ್ರ ಇರುತ್ತಿರಲಿಲ್ಲ. ಇನ್ನೊಂದು ಶಬ್ದ ‘ಎನ್ನಲಾಗಿದೆ’. ಪೊಲೀಸರು ಹೇಳಿದರೋ, ಪಕ್ಕದ ಮನೆಯವರು ಹೇಳಿದರೋ, ಯಾರೂ ಹೇಳಲಿಲ್ಲವೋ, ಒಂದು ‘ಎನ್ನಲಾಗಿದೆ’ ಹಾಕಿದರೆ ನಮ್ಮ ತಲೆಗೆ ಏನೂ ಬರುವುದಿಲ್ಲ. ಕಂಪ್ಯೂಟರು ಬಂದ ಮೇಲೆ ನಮ್ಮ ಆಪರೇಟರು ಆ ಶಬ್ದಕ್ಕೆ ಒಂದು ಕೀಲಿಯನ್ನೇ ಹೊಂದಿಸಿಕೊಟ್ಟಿದ್ದರು. ಒಮ್ಮೆ ಒತ್ತಿದರೆ ಇಡೀ ‘ಎನ್ನಲಾಗಿದೆ’ ತಾನಾಗಿ ಬಂದು ಕೂತುಬಿಡುತ್ತಿತ್ತು. ಭಾಳ ಅನುಕೂಲ ಅಂತ ನಾವೆಲ್ಲ ಹೊಗಳಿದ್ದೆವು.

ಫೋಟೋದ ಕಥೆಯೂ ಬೇರೆಯಲ್ಲ. ಒಮ್ಮೆ ಎಮ್ಮಿಗನೂರಿಗೆ ಭತ್ತದ ನಾಟಿಯ ಫೋಟೋ ತೆಗೆಸಲು ನಮ್ಮ ಫೋಟೋಗ್ರಾಫರ ಜೊತೆ ಹೋಗಿದ್ದೆ. ಹೆಣ್ಣುಮಕ್ಕಳು ಸಾಲಾಗಿ ಬಗ್ಗಿ ನಾಟಿ ಹಚ್ಚುತ್ತಿದ್ದರು, ಇವರು ಬದುವಿನ ಮೇಲೆ ನಿಂತು ತೆಗೆದದ್ದೇ ತೆಗೆದದ್ದು. ಒಬ್ಬ ಹೆಣ್ಣುಮಗಳು ಸೊಂಟ ಹಿಡಿದುಕೊಂಡು ಎದ್ದು ನಿಂತು, ‘ಯಾಕ್ರೀ ಯಪ್ಪಾ, ನಮಗ ಮಕ ಇಲ್ಲೇನು? ವರ್ಷಾ ಬರ್ತೀರಿ, ಬರೇ ಬೆನ್ನು ತಕ್ಕೊಂಡು ಹೋಗ್ತೀರಿ’ ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಅವರ ಮುಖದ್ದೂ ಒಂದು ತೆಗೆದರು. ಪೇಪರಿನಲ್ಲಿ ಬಂದದ್ದು ಬೆನ್ನಿನದೇ, ಹಸಿರು ಚೆನ್ನಾಗಿ ಬಿದ್ದಿತ್ತು ಅಂತ. ಆ ಹೆಣ್ಣುಮಗಳ ಹೆಸರು ನಾನು ಕೇಳಿಕೊಂಡಿರಲೇ ಇಲ್ಲ.

ಈಗ ಹೇಳಬೇಕಾದ್ದನ್ನು ಹೇಳುತ್ತೇನೆ. ಅದಿರಿನ ಲಾರಿಗಳು ರಸ್ತೆ ತುಂಬ ಸಾಲುಗಟ್ಟಿ ಓಡುತ್ತಿದ್ದ ವರ್ಷಗಳು ಅವು. ಒಂದು ದಿನ ಹನ್ನೊಂದರ ಸುಮಾರಿಗೆ ಸಂಡೂರಿನ ನಮ್ಮ ವರದಿಗಾರರು ಫೋನು ಮಾಡಿದರು. ಅವರದು ಅಲ್ಲೇ ಒಂದು ಫೋಟೋ ಸ್ಟುಡಿಯೋ, ಜೊತೆಗೆ ನಮಗೆ ಸುದ್ದಿ ಕಳಿಸುತ್ತಿದ್ದರು. ಅದಿರು ತುಂಬುವ ಯಾರ್ಡಿನಲ್ಲಿ ಕುಮಾರೆಪ್ಪ ಅನ್ನುವ ಕೆಲಸಗಾರರ ಮೇಲೆ ಟಿಪ್ಪರು ಹಿಂದಕ್ಕೆ ಬಂದು ಹಾಯ್ದಿದೆ, ಜಾಗದಲ್ಲೇ ಜೀವ ಹೋಗಿದೆ ಅಂದರು. ನಾಲ್ಕು ಸಾಲು ಬರೆದೆ, ಎರಡನೇ ಪುಟಕ್ಕೆ ಕೊಟ್ಟೆ. ‘ಕುಮಾರೆಪ್ಪ ಮೃತಪಟ್ಟಿದ್ದಾನೆ.’ ಹನ್ನೆರಡೂವರೆಗೆ ಧಣೇರ ಫೋನು ಎರಡನೇ ಸಲ ಬಂತು. ಅಯ್ಯನವರು ಮಾತಾಡಿ ನನ್ನ ಮೇಜಿನ ಹತ್ತಿರ ಬಂದರು.

‘ಬಸಮ್ಮ, ಅಂವ ಕುಡಿದಿದ್ದನಂತ. ಒಂದು ಸಾಲು ಸೇರಿಸು.’

‘ಯಾರು ಅಂದ್ರು ಅಂತ ಬರೀಲ್ರಿ?’

ಅವರು ನನ್ನ ಮುಖ ನೋಡಲಿಲ್ಲ. ‘ಎನ್ನಲಾಗಿದೆ ಹಾಕು’ ಅಂದರು.

ಕೀಲಿ ಒತ್ತಿದೆ. ‘ಮದ್ಯದ ಅಮಲಿನಲ್ಲಿದ್ದ ಎನ್ನಲಾಗಿದೆ.’ ಆಗ ಹಿಂದೆಮುಂದೆ ನೋಡಿದೆ ಅಂತ ಬರೆದರೆ ಸುಳ್ಳಾಗುತ್ತದೆ. ಊಟದ ಹೊತ್ತಾಗಿತ್ತು, ನನಗೆ ಹಸಿವಾಗಿತ್ತು, ಡಬ್ಬಿ ಬಿಚ್ಚಿ ರೊಟ್ಟಿ ತಿಂದೆ.

ನಾಲ್ಕನೇ ದಿನ ಬೆಳಿಗ್ಗೆ ಒಬ್ಬ ಹೆಣ್ಣುಮಗಳು ಬಂದು ಬಾಗಿಲಲ್ಲಿ ನಿಂತರು. ಕುಮಾರೆಪ್ಪನವರ ಹೆಂಡತಿ, ಹುಲಿಗೆಮ್ಮ. ಸೀರೆಯ ಅಂಚಿಗೆ ಕೆಂಪು ಧೂಳು, ಕೈಯಲ್ಲಿ ನಾಲ್ಕಾಗಿ ಮಡಿಚಿದ ನಮ್ಮ ಪೇಪರು. ಓದು ಬರುತ್ತಿರಲಿಲ್ಲ, ಯಾರ ಹತ್ತಿರವೋ ಓದಿಸಿಕೊಂಡಿದ್ದರು. ‘ಕುಂದ್ರಿ’ ಅಂದೆ. ಕೂರಲಿಲ್ಲ. ಸುದ್ದಿಯ ಮೇಲೆ ಬೆರಳಿಟ್ಟು ‘ಎನ್ನಲಾಗಿದೆ’ ಅನ್ನುವುದು ಎಲ್ಲಿ ಬರುತ್ತದೆ ಅಂತ ಕೇಳಿದರು, ನಾನು ತೋರಿಸಿದೆ. ಬೆರಳನ್ನು ಅಲ್ಲಿಗೇ ಸರಿಸಿಕೊಂಡರು.

‘ಎನ್ನಲಾಗಿದೆ ಅಂದ್ರ ಯಾರೋ ಅಂದಾರ ಅಂತ ತಾನ್ರಿ? ಯಾರ್ರಿ ಅಂದವ್ರು? ಅವ್ರ ಮನಿ ತೋರ್ಸ್ರಿ, ನಾ ಹೋಗಿ ಕೇಳ್ತೀನಿ. ನನ್ ಗಂಡಗ ಹೊಟ್ಟಿ ಹುಣ್ಣು, ಚಾ ಸೈತ ಕುಡೀತಿದ್ದಿಲ್ರಿ.’

ವರದಿಗಾರರಿಂದ ಬಂದ ಮಾಹಿತಿ ಅಂತ ಏನೋ ಗೊಣಗಿದೆ. ಎಂಥ ನಾಚಿಕೆಗೇಡು! ಆ ಪಾಪದ ಸ್ಟುಡಿಯೋದವರು ಅಂಥ ಮಾತೇ ಹೇಳಿರಲಿಲ್ಲ. ಹುಲಿಗೆಮ್ಮನವರು ಇನ್ನೂ ಒಂದು ಮಾತು ಹೇಳಿ ಹೋದರು, ‘ಅಂವ, ಇಂವ ಅಂತ ಬರದೀರಿ. ಹದಿನೈದು ವರ್ಷ ಸಂಸಾರ ಮಾಡಿದೆ, ನಾನ ಅವ್ರಿಗೆ ಹಂಗ ಅಂದಿಲ್ರಿ.’

ಅವರ ಕಷ್ಟ ಬರೀ ಮರ್ಯಾದೆಯದಾಗಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಗಂಡ ಹೋದ ದಿನ ಯಾರ್ಡಿನ ಮ್ಯಾನೇಜರು ಬಂದು, ಆ ಜಾಗಕ್ಕೆ ನಿನ್ನನ್ನೇ ತಗೋತೀವಿ ಅಂತ ಹತ್ತು ಜನರ ಎದುರಿಗೆ ಹೇಳಿದ್ದರಂತೆ. ಮೂರು ದಿನಕ್ಕೆ ಮಾತು ತಿರುಗಿತು. ನಮ್ಮ ಪೇಪರಿನ ಆ ತುಂಡನ್ನು ಕತ್ತರಿಸಿ ಫೈಲಿಗೆ ಅಂಟಿಸಿ, ಕುಡಿದು ಸತ್ತವನ ಮನೆಯವರಿಗೆ ಕೆಲಸ ಕೊಡಲು ಬರುವುದಿಲ್ಲ, ಪೇಪರಿನಲ್ಲೇ ಬಂದಿದೆ ನೋಡು ಅಂದರಂತೆ. ಕೆಲಸ ಇಲ್ಲ ಅಂದರೆ ಯಾರ್ಡಿನವರು ಕೊಟ್ಟ ತಗಡಿನ ಮನೆಯನ್ನೂ ಬಿಡಬೇಕು. ಶಾಲೆಯಲ್ಲಿ ಮಗಳನ್ನು ಕುಡುಕನ ಮಗಳು ಅಂತ ಕರೆದು, ಆ ಕೂಸು ಶಾಲೆಗೇ ಹೋಗಲೊಲ್ಲೆ ಅಂತ ಕೂತಿತ್ತು. ನಾನು ಊಟದ ಅವಸರದಲ್ಲಿ ಒತ್ತಿದ ಒಂದು ಕೀಲಿ ಇಷ್ಟು ದೂರ ಹೋಗಿತ್ತು.

ಎರಡು ವಾರ ಬಿಟ್ಟು ಮತ್ತೆ ಬಂದರು. ಈ ಸಲ ಏನೂ ಕೇಳಲಿಲ್ಲ, ಬೆಂಚಿನ ಮೇಲೆ ಬೆಳಿಗ್ಗೆಯಿಂದ ಪುಟ ಮುಗಿಯುವ ತನಕ ಕೂತಿದ್ದರು. ಅವರು ಕೂತಷ್ಟು ಹೊತ್ತೂ ನನಗೆ ಒಂದು ಸಾಲು ನೆಟ್ಟಗೆ ತಿದ್ದಲಾಗಲಿಲ್ಲ. ಅಯ್ಯನವರ ಹತ್ತಿರ ಹೋಗಿ ತಿದ್ದುಪಡಿ ಹಾಕೋಣ ಅಂದೆ. ತಿದ್ದುಪಡಿ ಏನಿದ್ದರೂ ಹೆಸರಿಗೆ, ಹುದ್ದೆಗೆ. ಸುದ್ದಿಗೆ ತಿದ್ದುಪಡಿ ಹಾಕಲು ಶುರು ಮಾಡಿದರೆ ಪೇಪರು ನಡೆಯುತ್ತದೇನು ಅಂತ ಗದರಿದರು. ಅವರೂ ಬೆಂಚಿನ ಕಡೆ ನೋಡುತ್ತಿರಲಿಲ್ಲ.

ಆ ಭಾನುವಾರ ನಾನೇ ಬಸ್ಸು ಹತ್ತಿ ಸಂಡೂರಿಗೆ ಹೋದೆ. ಅಷ್ಟು ವರ್ಷ ಗಣಿಯ ಸುದ್ದಿ ತಿದ್ದಿದವಳು ಒಂದು ಯಾರ್ಡನ್ನೂ ಕಣ್ಣಾರೆ ನೋಡಿರಲಿಲ್ಲ, ಡೆಸ್ಕಿನವರ ಹಣೆಬರಹವೇ ಅಷ್ಟು. ಗೇಟಿನ ಒಳಗೆ ಬಿಡಲಿಲ್ಲ. ಹೊರಗಿನ ಚಾ ಅಂಗಡಿಯಲ್ಲಿ ಕೂತೆ. ಕುಮಾರೆಪ್ಪನವರ ಜೊತೆ ಕೆಲಸ ಮಾಡುತ್ತಿದ್ದ ಹಿರಿಯರೊಬ್ಬರು ಮೊದಲು ಮಾತಾಡಲೇ ಇಲ್ಲ, ಪೇಪರಿನವಳು ಅಂತ ಗೊತ್ತಾದ ಮೇಲಂತೂ ಬೆನ್ನು ತಿರುಗಿಸಿ ಕೂತರು. ಆ ಸಾಲು ಬರೆದವಳು ನಾನೇ, ತಪ್ಪಾಗಿದೆ ಅಂತ ಹೇಳಿದೆ. ಆಮೇಲೆ ಹೇಳಿದರು. ಟಿಪ್ಪರು ಹಿಂದಕ್ಕೆ ಬರುವಾಗ ನಿಂತು ಕೈ ತೋರಿಸುವ ಆಳನ್ನು ಅವತ್ತು ಬೇರೆ ಕೆಲಸಕ್ಕೆ ಕಳಿಸಿದ್ದರು, ಡ್ರೈವರಿಗೆ ಹಿಂದೆ ಯಾರಿದ್ದಾರೆ ಅಂತ ಕಾಣಲಿಲ್ಲ. ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೀರಾ ಅಂತ ಕೇಳಿದೆ. ಪೇಪರಿನಲ್ಲಿ ಮೊದಲು ನೀವು ಹೇಳಿ, ಆಮೇಲೆ ನಾವು ಹೇಳುತ್ತೇವೆ ಅಂದರು. ನ್ಯಾಯವಾದ ಮಾತು.

ಮೂರನೇ ಸಲ ಹುಲಿಗೆಮ್ಮನವರು ಬಂದಾಗ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಇತ್ತು. ಪೊಲೀಸರು ಕೊಟ್ಟ ಕಾಗದಗಳು, ಏನಂತ ಯಾರೂ ಓದಿ ಹೇಳಿಲ್ಲ ಅಂದರು. ಒಂದೊಂದಾಗಿ ಬಿಡಿಸಿದೆ. ಅದರಲ್ಲಿ ಆಸ್ಪತ್ರೆಯ ವರದಿ ಇತ್ತು, ಹೊಟ್ಟೆಯಲ್ಲಿ ಮದ್ಯದ ಅಂಶ ಇಲ್ಲ ಅಂತ ನೆಟ್ಟಗೆ ಬರೆದಿತ್ತು. ಅಷ್ಟು ದಿನ ಆ ಕಾಗದವನ್ನು ಅವರು ತಮ್ಮ ಹತ್ತಿರವೇ ಇಟ್ಟುಕೊಂಡು ಊರೆಲ್ಲ ತಿರುಗಿದ್ದರು. ನನಗೆ ಅವರ ಮುಖ ನೋಡಲು ಆಗಲಿಲ್ಲ, ಎದ್ದು ಒಳಗೆ ಹೋಗಿ ಬರೆಯಲು ಕೂತೆ.

ನಮ್ಮಲ್ಲಿ ಇದ್ದದ್ದು ಅದೊಂದೇ ಬಾಕ್ಸು, ಅದೊಂದೇ ಧಾಟಿ. ಅದರಲ್ಲೇ ಬರೆದೆ.

‘ತಿದ್ದುಪಡಿ: ಯಾರ್ಡಿನಲ್ಲಿ ಕಾರ್ಮಿಕ ಸಾವು ಎಂಬ ಸುದ್ದಿಯಲ್ಲಿ, ಕುಮಾರೆಪ್ಪ ಮೃತಪಟ್ಟಿದ್ದಾನೆ ಎಂಬುದನ್ನು ಕುಮಾರೆಪ್ಪ ಅವರು ನಿಧನರಾಗಿದ್ದಾರೆ ಎಂದೂ, ಮದ್ಯದ ಅಮಲಿನಲ್ಲಿದ್ದ ಎಂಬುದನ್ನು ಅವರು ಕುಡಿದಿರಲಿಲ್ಲವೆಂದು ಆಸ್ಪತ್ರೆಯ ವರದಿ ಹೇಳಿದೆ, ಟಿಪ್ಪರ್ ಹಿಂದಕ್ಕೆ ಬರುವಾಗ ದಾರಿ ತೋರಿಸುವವರು ಇರಲಿಲ್ಲವೆಂದು ಜೊತೆ ಕೆಲಸಗಾರರು ಹೇಳಿದ್ದಾರೆ ಎಂದೂ ಓದಿಕೊಳ್ಳಬೇಕು. ಎನ್ನಲಾಗಿದೆ ಎಂದು ಬರೆದಿದ್ದೆವು. ಹಾಗೆ ಯಾರೂ ಅಂದಿರಲಿಲ್ಲ. ಬರೆದದ್ದು ಈ ಪತ್ರಿಕೆಯ ಉಪಸಂಪಾದಕಿ.’

ಕದ್ದು ಹಾಕಬಹುದಿತ್ತು, ಆ ಬಾಕ್ಸನ್ನು ಅಯ್ಯನವರು ಓದುತ್ತಲೇ ಇರಲಿಲ್ಲ. ಆದರೆ ಅಷ್ಟು ವರ್ಷ ನನ್ನ ಅಕ್ಷರ ತಿದ್ದಿ ಕೊಟ್ಟವರಿಗೆ ಹಾಗೆ ಮಾಡಲು ಮನಸ್ಸು ಬರಲಿಲ್ಲ. ಪ್ರೂಫನ್ನೂ ಆಸ್ಪತ್ರೆಯ ಕಾಗದವನ್ನೂ ಅವರ ಮುಂದಿಟ್ಟು ನಿಂತೆ. ಮನೆಗೆ ಹೋಗು ಅಂದರೆ ಹೋಗುವುದು ಅಂತ ಚೀಲವನ್ನೂ ಹೆಗಲಿಗೆ ಹಾಕಿಕೊಂಡಿದ್ದೆ. ಎರಡು ಸಲ ಓದಿದರು. ಮುದ್ದೆ ಮಾಡಿದರು, ಮೂಲೆಗೆ ಎಸೆದರು. ನಾನು ಅಲ್ಲಾಡಲಿಲ್ಲ. ಎದ್ದು ಹೋಗಿ ಆರಿಸಿಕೊಂಡು ಬಂದು ಬಿಡಿಸಿದರು. ಕಿವಿಯಿಂದ ಕೆಂಪು ಪೆನ್ನು ತೆಗೆದು ಕೊನೆಯ ಸಾಲಿನಲ್ಲಿ ‘ಈ ಪತ್ರಿಕೆಯ ಉಪಸಂಪಾದಕಿ’ ಅನ್ನುವುದನ್ನು ಹೊಡೆದು ಹಾಕಿ, ‘ನಾವು’ ಅಂತ ಬರೆದರು. ಅದರ ಕೆಳಗೆ, ಸಂಪಾದಕರ ಸಹಿ ಅಂತ ಪೇಪರುಗಳಲ್ಲಿ ಹಾಕುತ್ತಾರಲ್ಲ, ಆ ಒಂದಕ್ಷರ: ‘-ಸಂ.’

‘ಹೇಳಿದವ್ನು ನಾನು, ಬರದಾಕಿ ನೀನು’ ಅಂದರು. ‘ಚೀಲ ಕೆಳಗಿಡು. ಪುಟ ತಡ ಆಗ್ತೈತಿ.’

ಮರುದಿನ ಧಣೇರ ಫೋನು ಹತ್ತಕ್ಕಿಂತ ಮೊದಲೇ ಬಂತು. ಆಫೀಸಿನಲ್ಲಿ ಎಲ್ಲರೂ ತಲೆ ಬಗ್ಗಿಸಿ ಕೆಲಸ ಮಾಡುವವರ ಹಾಗೆ ಕೂತೆವು, ಕಿವಿ ಮಾತ್ರ ಅತ್ತಲೇ. ಯಾರು ಹಾಕಿದ್ದು ಅದನ್ನ ಅಂತ ಅವರು ಕೂಗುವುದು ನನ್ನ ಮೇಜಿನ ತನಕ ಕೇಳುತ್ತಿತ್ತು. ಅಯ್ಯನವರು ಫೋನನ್ನು ಆ ಕಿವಿಯಿಂದ ಈ ಕಿವಿಗೆ ಬದಲಾಯಿಸಿದರು.

‘ಹಾಕಲಾಗಿದೆ, ಧಣಿ’ ಅಂದರು.

ಆಪರೇಟರು ನಗು ತಡೆಯಲಾರದೆ ಮೇಜಿನ ಕೆಳಗೆ ಬಿದ್ದ ಪೆನ್ನು ಹುಡುಕುವ ನೆವ ಮಾಡಿದರು. ಧಣೇರು ಮತ್ತೇನೋ ಕೇಳಿದರು. ತಿದ್ದಲಾಗಿದೆ ಅಂತಷ್ಟೇ ನನಗೂ ತಿಳಿದಿರುವುದು ಅಂತ ಅಯ್ಯನವರು ಗಂಭೀರವಾಗಿ ಹೇಳಿ ಫೋನು ಇಟ್ಟರು. ಕೆಲಸ ಹೋಯಿತು ಅಂತಲೇ ನಾನು ಅಂದುಕೊಂಡಿದ್ದೆ. ಹೋಗಲಿಲ್ಲ. ಧಣೇರ ಮಿಲ್ಲಿನ ಹಮಾಲರು ಆ ತಿದ್ದುಪಡಿಯನ್ನು ಕತ್ತರಿಸಿ ಗೋಡೆಗೆ ಅಂಟಿಸಿಕೊಂಡಿದ್ದಾರೆ ಅಂತ ಎರಡು ದಿನಕ್ಕೆ ಸುದ್ದಿ ಬಂತು. ಅದನ್ನು ಕೀಳಿಸುವ ಧೈರ್ಯ ಧಣೇರಿಗೆ ಬರಲಿಲ್ಲವೋ, ಮನಸ್ಸೇ ಬರಲಿಲ್ಲವೋ, ನನಗೆ ಗೊತ್ತಿಲ್ಲ. ಒಂದು ವಾರ ಫೋನು ಬರಲಿಲ್ಲ. ಆಮೇಲೆ ಮತ್ತೆ ಹತ್ತಕ್ಕೆ ಸರಿಯಾಗಿ ‘ಏನೈತ್ರಿ ಇವತ್ತು?’ ಶುರುವಾಯಿತು. ನಮ್ಮ ಪೇಪರು ಅವತ್ತಿನಿಂದ ಸತ್ಯ ಹರಿಶ್ಚಂದ್ರನಾಯಿತು ಅಂತ ಯಾರೂ ತಿಳಿಯುವುದು ಬೇಡ. ‘ಖಾಸಗಿ’ ಖಾಸಗಿಯಾಗೇ ಉಳಿಯಿತು. ನನ್ನ ಯಂತ್ರದಲ್ಲಿ ಮಾತ್ರ ಆ ಕೀಲಿಯನ್ನು ತೆಗೆಸಿದೆ, ‘ಎನ್ನಲಾಗಿದೆ’ ಬೇಕಾದರೆ ಒಂದೊಂದೇ ಅಕ್ಷರ ಹೊಡೆಯಬೇಕಾಗುತ್ತಿತ್ತು. ಹೊಡೆಯುವಷ್ಟರಲ್ಲಿ ಯಾರು ಅಂದವರು ಅಂತ ಒಮ್ಮೆ ಯೋಚನೆ ಬರುತ್ತಿತ್ತು, ಎಷ್ಟೋ ಸಲ ಫೋನು ಮಾಡಿ ಕೇಳಿ ಹೆಸರು ಹಾಕುತ್ತಿದ್ದೆ.

ಮೊನ್ನೆ ನೋಟ್‌ಬುಕ್ಕು ಹಿಡಿದು ಬಂದಿದ್ದವರು, ಇನ್ನು ಬಹುವಚನವೇ ಇರಲಿ, ಈಗ ಹಂಗೆಲ್ಲ ಏನಿಲ್ಲ ಬಿಡ್ರಿ ಅಕ್ಕಾರ ಅಂದರು. ಈಗ ಎಲ್ಲರ ಕೈಯಲ್ಲೂ ಮೊಬೈಲು, ಯಾವ ಧಣಿಯ ಫೋನೂ ಬರುವುದಿಲ್ಲವಂತೆ. ಸಂತೋಷ ಅಂತ ಹೇಳಿ, ಅವರ ಅವತ್ತಿನ ಸುದ್ದಿ ತೋರಿಸಲು ಕೇಳಿದೆ. ಯಾರೋ ಒಬ್ಬ ಹೆಣ್ಣುಮಗಳ ವಿಡಿಯೋ, ಕೆಳಗೆ ಸಾಲು: ‘ವೈರಲ್ ಆಗಿದೆ ಎನ್ನಲಾಗಿದೆ.’ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕೆವು. ಆ ಹೆಣ್ಣುಮಗಳ ಹೆಸರು ಕೇಳಿದ್ದೀರೇನು ಅಂದೆ. ಇಲ್ಲ ಅಂದರು. ಹಂಗಾದರೆ ನಾಳೆ ಹೋಗಿ ಕೇಳಿ ಬರ್ರಿ, ನನಗೆ ಹೇಳಲು ಬರುವುದು ಅಷ್ಟೇ ಅಂದೆ. ಹೋಗುತ್ತೇನೆ ಅಂತ ಬರೆದುಕೊಂಡರು.

ಹುಲಿಗೆಮ್ಮನವರ ಕಥೆ ಇನ್ನೂ ಬಾಕಿ ಇದೆ. ತಿದ್ದುಪಡಿ ಬಂದ ಮೇಲೆ ಚಾ ಅಂಗಡಿಯ ಆ ಹಿರಿಯರೂ ಇನ್ನು ಮೂವರೂ ಪೊಲೀಸರ ಮುಂದೆ ಹೋಗಿ ಕಂಡದ್ದನ್ನು ಹೇಳಿದರು. ಹುಲಿಗೆಮ್ಮನವರು ಆ ಪೇಪರಿನ ತುಂಡನ್ನು ಒಯ್ದು, ಫೈಲಿನಲ್ಲಿ ಮೊದಲಿನದರ ಕೆಳಗೇ ಅಂಟಿಸುವ ತನಕ ಮ್ಯಾನೇಜರ ಮೇಜು ಬಿಟ್ಟು ಏಳಲಿಲ್ಲವಂತೆ. ಪೇಪರಿನಲ್ಲಿ ಬಂದಿದೆ ಅಂದವರಿಗೆ ಪೇಪರಿನಲ್ಲೇ ಬಂದಿದೆ ಅಂದರು. ಮೂರು ವಾರಕ್ಕೆ ಕೆಲಸಕ್ಕೆ ಕರೆದರು.

ಅದನ್ನು ಹೇಳಲು ನಾಲ್ಕನೇ ಸಲ ಆಫೀಸಿಗೆ ಬಂದರು, ಬೆಳಿಗ್ಗೆ ಹನ್ನೊಂದರ ಹೊತ್ತು. ಮನೆ ಉಳಿಯಿತು, ಮಗಳು ಶಾಲೆಗೆ ಹೋಗುತ್ತಿದ್ದಾಳೆ ಅಂದರು. ನನಗೆ ಎಷ್ಟು ಹಗುರವಾಯಿತು ಅಂತ ಹೇಳಲು ಬರುವುದಿಲ್ಲ, ಅವರ ಎರಡೂ ಕೈ ಹಿಡಿದುಕೊಂಡುಬಿಟ್ಟೆ. ಈ ಸಲ ಕೂತರು. ಆ ತಿದ್ದುಪಡಿಯಲ್ಲಿ ಏನೇನಿದೆ ಅಂತ ಎಲ್ಲರೂ ಹೇಳಿದ್ದಾರೆ, ಪೂರ್ತಿ ಯಾರೂ ಓದಿಲ್ಲ, ನೀವೇ ಒಮ್ಮೆ ಓದಿರಿ ಅಂದರು. ಓದಿದೆ. ‘ಕುಮಾರೆಪ್ಪ ಅವರು ನಿಧನರಾಗಿದ್ದಾರೆ’ ಅನ್ನುವಲ್ಲಿಗೆ ಬಂದಾಗ ಕೈ ಎತ್ತಿ ನಿಲ್ಲಿಸಿದರು.

‘ಹೋಗ್ಯಾರಲ್ರಿ ಹಂಗಾರ’ ಅಂದರು. ಪೇಪರನ್ನು ನನ್ನ ಕೈಯಿಂದ ತಗೊಂಡು ಮಡಿಲಲ್ಲಿ ಇಟ್ಟುಕೊಂಡರು. ಆಮೇಲೆ, ‘ಇಷ್ಟು ದಿನ ಬರೇ ಅವ್ರು ಕುಡಿದಿದ್ದಿಲ್ಲ, ಕುಡಿದಿದ್ದಿಲ್ಲ ಅಂತ ಹೊಡದಾಡೂದ ಆತ್ರಿ ಅಕ್ಕಾರ. ಅವ್ರು ಹೋಗ್ಯಾರ ಅಂತ ಅಳಾಕ ಆಗಿದ್ದಿಲ್ಲ. ಇಲ್ಲೇ ಕುಂತು ಒಂಚೂರು ಅಳ್ಲ್ಯಾ?’ ಅಂತ ಕೇಳಿದರು.

ಅಳ್ರಿ ಅಂದೆ. ಬಾಗಿಲು ಮುಂದಕ್ಕೆ ಹಾಕಿ ಬಂದು ಪಕ್ಕದಲ್ಲಿ ಕೂತೆ. ಅವತ್ತು ಪೇಪರು ಒಂದು ತಾಸು ತಡವಾಗಿ ಬಂತು.